ಬೊನಿಫಾಸರ ನವಿಲು

ಕಂಕನಾಡಿಯಿಂದ ಬೆಂದೂರಿನ ಕಡೆಗೆ ಏರುವ ದಾರಿಯಲ್ಲಿ, ಬೊನಿಫಾಸ್ ರೇಗೊ ಅವರ ಮನೆಯ ಗೇಟಿನ ಪಕ್ಕ, ಮದರಂಗಿ ಗಿಡವನ್ನು ಸವರಿ ಮಾಡಿದ ಒಂದು ನವಿಲು ನಿಂತಿತ್ತು. ಅದು ನವಿಲು ಎಂದು ಹೇಳುತ್ತಿದ್ದವರು ಇಬ್ಬರೇ. ಒಬ್ಬರು ಅದನ್ನು ಮಾಡಿದ ಬೊನಿಫಾಸರು, ಇನ್ನೊಬ್ಬಳು ಅವರ ಹೆಂಡತಿ ವಿನಿಫ್ರೆಡ್. ಆ ದಾರಿಯಲ್ಲಿ ಹೋಗಿಬರುವ ಮಿಕ್ಕವರೆಲ್ಲ ಅದನ್ನು ಬಾತುಕೋಳಿ ಎಂದೇ ತಿಳಿದಿದ್ದರು. ವಿನಿಫ್ರೆಡ್ ಕೂಡ ಒಳಗೊಳಗೆ ಹಾಗೆಯೇ ತಿಳಿದಿದ್ದಳು ಎಂಬುದು ಬೇರೆ ಮಾತು.

ತಪ್ಪು ಕತ್ತರಿಯದ್ದಲ್ಲ. ಕತ್ತರಿ ಇಂಗ್ಲೆಂಡಿನದು. ಬೊನಿಫಾಸರು ತಮ್ಮ ಪ್ರಾಯವನ್ನೆಲ್ಲ ಒಂದು ಕಾಫಿ ವರ್ಕ್ಸಿನ ಆಫೀಸಿನಲ್ಲಿ ಕಳೆದವರು. ಅಲ್ಲಿನ ಕೊನೆಯ ದೊರೆ ಗಂಟುಮೂಟೆ ಕಟ್ಟಿ ತನ್ನ ದೇಶಕ್ಕೆ ಹೊರಟಾಗ ಬಂಗಲೆಯ ಸಾಮಾನುಗಳನ್ನು ಆಫೀಸಿನವರಿಗೆ ಹಂಚಿದ. ಒಬ್ಬರಿಗೆ ಊಟದ ಮೇಜು ಸಿಕ್ಕಿತು, ಒಬ್ಬರಿಗೆ ನಾಯಿ ಸಿಕ್ಕಿತು, ಬೊನಿಫಾಸರಿಗೆ ಬೇಲಿ ಸವರುವ ಉದ್ದ ಹಿಡಿಯ ಕತ್ತರಿ ಸಿಕ್ಕಿತು. ಜೊತೆಗೆ ಒಂದು ಕಟ್ಟು ಹಳೆಯ ಚಿತ್ರಪತ್ರಿಕೆಗಳು. ಅದಾದ ಮರುವರ್ಷವೇ ಅವರಿಗೂ ನಿವೃತ್ತಿಯಾಯಿತು.

ನಿವೃತ್ತರಾದ ಗಂಡಸರಿಗೆ ಏನೇನಾಗುತ್ತದೆ ಎಂದು ವಿನಿಫ್ರೆಡ್ ಸುತ್ತಮುತ್ತಲ ಮನೆಗಳಲ್ಲಿ ನೋಡಿದ್ದಳು. ಮೊದಲು ಅಡಿಗೆಮನೆಗೆ ಬಂದು ಡಬ್ಬಗಳ ಮುಚ್ಚಳ ತೆಗೆದು ನೋಡುತ್ತಾರೆ, ಆಮೇಲೆ ಬಿ.ಪಿ. ಶುರುವಾಗುತ್ತದೆ. ಹಾಗಾಗಿ ಬೊನಿಫಾಸರು ಕತ್ತರಿ ಹಿಡಿದು ಅಂಗಳಕ್ಕಿಳಿದಾಗ ಅವಳಿಗೆ ಸಮಾಧಾನವೇ ಆಯಿತು. ಅವರ ತಾಯಿ ನೆಟ್ಟ ಮದರಂಗಿ ಬೇಲಿ ರಸ್ತೆಯುದ್ದಕ್ಕೂ ಮನಬಂದಂತೆ ಬೆಳೆದಿತ್ತು. ಬೊನಿಫಾಸರು ಎರಡು ಗೂಟ ಹೊಡೆದು ಹುರಿ ಬಿಗಿದರು, ಹುರಿಯ ಮಟ್ಟಕ್ಕೆ ಕತ್ತರಿಸಿದರು. ಬುಡದಲ್ಲಿ ಅಗಲ, ಮೇಲೆ ಹೋಗುತ್ತ ಸ್ವಲ್ಪ ಕಿರಿದು. ಹಾಗಿದ್ದರೇ ಬುಡದ ಎಲೆಗೂ ಬಿಸಿಲು ತಾಗುತ್ತದೆ ಎಂದು ಕೇಳಿದವರಿಗೂ ಕೇಳದವರಿಗೂ ವಿವರಿಸಿದರು. ಬೇಲಿ ಗೋಡೆಯಂತೆ ನಿಂತಿತು. ಸದಾ ಸವರುವುದರಿಂದ ಅದರಲ್ಲಿ ಹೂವಾಗುವುದು ಮಾತ್ರ ನಿಂತುಹೋಯಿತು. ಸಂಜೆಯ ಆ ಪರಿಮಳ ಇಲ್ಲವಾದದ್ದು ವಿನಿಫ್ರೆಡಳಿಗೆ ಗೊತ್ತಾಗದೆ ಇರಲಿಲ್ಲ. ಆದರೆ ಕತ್ತರಿಸುವಾಗ ಬೊನಿಫಾಸರು ಮೂಗಿನಲ್ಲೇ ಹಾಡುತ್ತಿದ್ದರು. ಮದುವೆಯಾದಂದಿನಿಂದ ಅವರು ಹಾಡಿದ್ದನ್ನು ಅವಳು ಇಗರ್ಜಿಯ ಹೊರಗೆ ಕೇಳಿರಲಿಲ್ಲ. ಆ ಹಾಡಿನ ಮುಂದೆ ಹೂವು ಯಾವ ಲೆಕ್ಕ ಎಂದು ಸುಮ್ಮನಾದಳು.

ಬೇಲಿ ನೇರವಾದ ಮೇಲೆ ಕತ್ತರಿಗೆ ಕೆಲಸವಿಲ್ಲದಾಯಿತು. ಆಗ ಬೊನಿಫಾಸರು ದೊರೆಯ ಚಿತ್ರಪತ್ರಿಕೆಯಲ್ಲಿ ಯಾವುದೋ ಅರಮನೆಯ ತೋಟದ ನವಿಲನ್ನು ಕಂಡರು. ಗೇಟಿನ ಪಕ್ಕದ ದೊಡ್ಡ ಪೊದೆಗೆ ಬಿದಿರು ಸಲಾಕೆ, ತಂತಿಗಳ ಹಂದರ ಕಟ್ಟಿದರು. ಗೆಲ್ಲುಗಳನ್ನು ಬಗ್ಗಿಸಿ ಬಿಗಿದರು. ಮೊದಲ ಕೆಲವು ತಿಂಗಳು ನಿಜವಾಗಿಯೂ ನವಿಲಿನ ಲಕ್ಷಣವಿತ್ತು. ಕೆಟ್ಟದ್ದು ಬಾಲದಲ್ಲಿ. ಬಿಚ್ಚಿದ ಬಾಲದ ಎಡಬದಿ ಒಂದಿಷ್ಟು ಉದ್ದವಾಯಿತೆಂದು ಎಡಬದಿಯನ್ನು ಕತ್ತರಿಸಿದರು. ಆಗ ಬಲಬದಿ ಉದ್ದವಾಗಿ ಕಂಡಿತು, ಅದನ್ನು ಕತ್ತರಿಸಿದರು. ಕುಂಟುವ ಮೇಜಿನ ಕಾಲುಗಳನ್ನು ಒಂದೊಂದಾಗಿ ಕೊಯ್ದು ಸರಿಮಾಡಲು ಹೊರಟವರ ಕತೆಯಾಯಿತು. ಅಷ್ಟರಲ್ಲಿ ಮಳೆಗಾಲ ಬಂತು. ನವಿಲಿನ ಲೆಕ್ಕಕ್ಕೆ ಬಾಲ ಮೋಟಾಯಿತು, ಕುತ್ತಿಗೆ ದಪ್ಪವಾಯಿತು, ಹೊಟ್ಟೆ ತುಂಬಿಕೊಂಡಿತು.

ಇದನ್ನು ಬಾಯಿಬಿಟ್ಟು ಹೇಳಿದವನು ಎದುರು ಮನೆಯ ತಾರಾನಾಥ. ಬ್ಯಾಂಕಿನಲ್ಲಿ ಗುಮಾಸ್ತ, ನಾಲಿಗೆ ಸ್ವಲ್ಪ ಚುರುಕು. ಒಂದು ಬೆಳಿಗ್ಗೆ ವಿನಿಫ್ರೆಡ್ ಶಾಲೆಗೆ ಹೊರಟಾಗ ಗೇಟಿನ ಬಳಿ ಸಿಕ್ಕಿ ಕೇಳಿದ:

“ಟೀಚರೇ, ಬಾತುಕೋಳಿ ಜೋರುಂಟು. ಮೊಟ್ಟೆ ಇಡ್ಲಿಕ್ಕೆ ಸುರುಮಾಡಿತಾ?”

ವಿನಿಫ್ರೆಡ್ ಮನೆಯ ಕಡೆ ತಿರುಗಿ ನೋಡಿದಳು. ಪುಣ್ಯಕ್ಕೆ ಬೊನಿಫಾಸರು ಹಿತ್ತಲಲ್ಲಿದ್ದರು.

“ನವಿಲು, ತಾರಾನಾಥ. ಅವರ ಎದುರು ಆದರೂ ನವಿಲು ಅಂತ ಹೇಳಿ, ಆಯ್ತಾ?”

“ಆಯ್ತು ಟೀಚರೇ,” ಎಂದ ತಾರಾನಾಥ. ಅಂದಿನಿಂದ ದಿನಾ ಬೆಳಿಗ್ಗೆ ಬೀಗರ ಕ್ಷೇಮ ವಿಚಾರಿಸುವ ಗಾಂಭೀರ್ಯದಲ್ಲಿ ಕೇಳುತ್ತಿದ್ದ: “ನಿಮ್ಮ ನವಿಲು ಸೌಖ್ಯವಾ?”

ವಿನಿಫ್ರೆಡ್ ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಕಲಿಸುವವಳು, ಬಿ.ಎ. ಓದಿದವಳು. ಮಾತನ್ನು ಅಳೆದು ತೂಗಿ ಆಡುವುದು ಅವಳ ಸ್ವಭಾವ. ಯಾವ ಮಾತು ಯಾರಿಗೆ ಎಲ್ಲಿ ಚುಚ್ಚೀತು ಎಂದು ಮೊದಲೇ ಹೆದರಿ, ಅದರ ಮೊನೆ ಮುರಿದು, ಹತ್ತಿ ಸುತ್ತಿ ಆಮೇಲೆ ಹೊರಗೆ ಬಿಡುವವಳು. ಬೊನಿಫಾಸರಿಗೋ ಒಂದು ಅಪಾಯದ ಅಭ್ಯಾಸವಿತ್ತು. ಮನೆಗೆ ಬಂದವರನ್ನೆಲ್ಲ ಹಕ್ಕಿಯ ಮುಂದೆ ನಿಲ್ಲಿಸಿ, “ಇದೆಂತ ಹೇಳಿ ನೋಡುವ?” ಎಂದು ಕೇಳುತ್ತಿದ್ದರು. ಆದ್ದರಿಂದ ಅವಳು ಒಂದು ಉಪಾಯ ಹೂಡಿದಳು. ಗೇಟಿನ ಸದ್ದಾದರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿ, ಬಂದವರು ಒಳಗೆ ಕಾಲಿಡುವ ಮೊದಲೇ, “ಬನ್ನಿ ಬನ್ನಿ, ನಮ್ಮವರ ನವಿಲು ನೋಡ್ಲಿಕ್ಕೆ ಬಂದದ್ದಾ?” ಎನ್ನುತ್ತಿದ್ದಳು. ಪಾದ್ರಿಗಳು ಮನೆ ಆಶೀರ್ವಾದಕ್ಕೆ ಬರುವ ದಿನವಂತೂ ಹಿಂದಿನ ಸಂಜೆಯೇ ಹೋಗಿ ಸೂಕ್ಷ್ಮವಾಗಿ ತಿಳಿಸಿ ಬಂದಿದ್ದಳು. ಹೀಗೆ ಒಂದು ವರ್ಷ ಯಾರ ಬಾಯಿಂದಲೂ ಬಾತುಕೋಳಿ ಎಂಬ ಶಬ್ದ ಬೊನಿಫಾಸರ ಕಿವಿಗೆ ಬೀಳದ ಹಾಗೆ ಕಾದಳು.

ಅಷ್ಟರಲ್ಲಿ ಕ್ರಿಸ್ಮಸ್ ಕಳೆದು ಊರಿನ ಹೂತೋಟಗಳ ಸ್ಪರ್ಧೆ ಬಂತು. ಬೊನಿಫಾಸರು ಅವಳಿಗೆ ಒಂದು ಮಾತೂ ಹೇಳದೆ ಹೆಸರು ಕೊಟ್ಟು ಬಂದಿದ್ದರು.

“ಆದಿತ್ಯವಾರ ಪೂಜೆ ಮುಗಿಸಿ ನಾವು ಬರುವಷ್ಟರಲ್ಲಿ ಅವರೂ ಬರ್ತಾರೆ. ಚಕ್ರಪಾಣಿ ಪ್ರೊಫೆಸರ್ ಈ ಸಲವೂ ಜಡ್ಜ್ ಅಂತೆ,” ಎಂದರು, ಊಟದ ಮೇಜಿನಲ್ಲಿ.

ವಿನಿಫ್ರೆಡಳ ಕೈಯ ತುತ್ತು ಕೈಯಲ್ಲೇ ಉಳಿಯಿತು. ಚಕ್ರಪಾಣಿಯವರು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುತ್ತಿದ್ದವರು, ನಿವೃತ್ತರಾದರೂ ನಾಲಿಗೆಗೆ ನಿವೃತ್ತಿ ಇರಲಿಲ್ಲ. ಹೋದ ವರ್ಷ ಒಬ್ಬರ ಗುಲಾಬಿ ಪಾತಿಯನ್ನು ನೋಡಿ, “ಆಸ್ಪತ್ರೆಯಲ್ಲಿ ರೋಗಿಗಳನ್ನು ಮಲಗಿಸಿದ ಹಾಗುಂಟು,” ಎಂದಿದ್ದರು. ಆ ಮನೆಯವರು ಅದೇ ವಾರ ಗುಲಾಬಿಗಳನ್ನೆಲ್ಲ ಕಿತ್ತೆಸೆದು ಬಸಳೆ ಚಪ್ಪರ ಹಾಕಿದರು.

ಬಹುಮಾನದ ಚಿಂತೆ ವಿನಿಫ್ರೆಡಳಿಗೆ ಇರಲಿಲ್ಲ. ಚಕ್ರಪಾಣಿಯವರು ಬಾತುಕೋಳಿ ಎನ್ನುತ್ತಾರೆ, ಜೊತೆಗೆ ಬಂದವರು ನಗುತ್ತಾರೆ. ಬೊನಿಫಾಸರು ಆ ಕ್ಷಣ ಅವರ ಜೊತೆ ನಕ್ಕಾರು. ಆಮೇಲೆ ಕತ್ತರಿಗೆ ಎಣ್ಣೆ ಹಚ್ಚಿ, ಹಳೆ ಬಟ್ಟೆ ಸುತ್ತಿ ಅಟ್ಟಕ್ಕೆ ಹಾಕುತ್ತಾರೆ. ಹಾಡು ನಿಲ್ಲುತ್ತದೆ. ಜಗಲಿಯ ಕುರ್ಚಿಯಲ್ಲಿ ಸುಮ್ಮನೆ ಕುಳಿತ ಅವರ ಬೆನ್ನು ಈಗಲೇ ಕಣ್ಣಿಗೆ ಕಟ್ಟಿದಂತಾಗಿ ಅವಳಿಗೆ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ದಾರಿ ತೋರಿಸಿದವಳು ನಬೀಸಾ. ನಾಲ್ಕು ಮನೆ ಆಚೆಯವಳು, ಪೇಟೆಯಲ್ಲಿ ಜೀನಸಿನ ಅಂಗಡಿ ಇಟ್ಟಿರುವ ನೂರ್ ಮುಹಮ್ಮದನ ಹೆಂಡತಿ. ಶುಕ್ರವಾರ ಸಂಜೆ ಹಿತ್ತಲ ಬಾಗಿಲಿಗೆ ಬಂದಳು.

“ಬಾಯಮ್ಮ, ಉಳ್ಳಾಲದಲ್ಲಿ ನನ್ನ ತಂಗಿಯ ಮಗಳ ಮದುವೆ. ನಾಳೆ ಸಂಜೆ ಹುಡುಗಿಯ ಕೈಗೆ ಮದರಂಗಿ ಹಾಕ್ಲಿಕ್ಕುಂಟು. ನಿಮ್ಮ ಬೇಲಿಯ ಸೊಪ್ಪು ಒಂದು ನಾಲ್ಕು ಮುಷ್ಟಿ ಸಿಕ್ಕಿದ್ರೆ...”

ಬೇಲಿ ಸವರಿದಾಗಲೆಲ್ಲ ಸೊಪ್ಪನ್ನು ಒಯ್ಯುತ್ತಿದ್ದವಳು ಅವಳೇ, ಹೊಸ ಬೇಡಿಕೆಯೇನಲ್ಲ. ಆದರೆ ಈ ಸಲ ವಿನಿಫ್ರೆಡಳ ತಲೆಯಲ್ಲಿ ಏನೋ ಮಿಂಚಿತು. ನಾಳೆ ಶನಿವಾರ. ತನಗೆ ಬೆಳಗಿನ ಶಾಲೆ. ಬೊನಿಫಾಸರು ಕತ್ತರಿ ಸಾಣೆ ಹಿಡಿಸಲು ಬಂದರಿನ ಪೇಟೆಗೆ ಹೋಗುವವರಿದ್ದಾರೆ. ಮದುವೆಯ ಹೆಂಗಸರು ಬಂದು ಹಕ್ಕಿಯ ಮೈಯಿಂದ ಸೊಪ್ಪು ಕಿತ್ತುಕೊಂಡು ಹೋದರೆ, ಚಕ್ರಪಾಣಿಯವರು ಬರುವ ಹೊತ್ತಿಗೆ ಅಲ್ಲಿ ನವಿಲೂ ಇರುವುದಿಲ್ಲ, ಬಾತುಕೋಳಿಯೂ ಇರುವುದಿಲ್ಲ, ಸೊಗಸಾದ ನೇರ ಬೇಲಿಯೊಂದೇ ಇರುತ್ತದೆ. ಮದುವೆಯ ಹುಡುಗಿಯ ಹೆಸರು ಹೇಳಿದರೆ ಬೊನಿಫಾಸರು ಕೋಪಿಸುವವರಲ್ಲ.

“ಕೀಳು ನಬೀಸಾ, ನಾಲ್ಕು ಮುಷ್ಟಿ ಎಂತಕ್ಕೆ? ಎಷ್ಟು ಬೇಕಾದ್ರೂ ಕೀಳು,” ಎಂದಳು. ಮುಂದಿನ ಮಾತಿಗೆ ಅವಳು ಹತ್ತಿ ಸುತ್ತಬೇಕಾಯಿತು. “ಗೇಟಿನ ಹತ್ತಿರ... ಅಲ್ಲಿಯ ಸೊಪ್ಪೂ ಒಳ್ಳೆದುಂಟು. ಬಾಲದ ಕಡೆ ಎಲ್ಲ ಎಳತು. ಅಂದರೆ, ಅಲ್ಲಿಂದ ಕಿತ್ತರೂ ನಮಗೆ ಎಂತ ಬೇಜಾರಿಲ್ಲ.”

ನಬೀಸಾ ಅವಳನ್ನು ಒಂದು ಕ್ಷಣ ನೋಡಿದಳು. ಕಣ್ಣು ತುಂಬಿದ ಹಾಗೆ ಕಂಡಿತು. “ದೇವರು ನಿಮ್ಮನ್ನು ಚೆನ್ನಾಗಿಡಲಿ ಬಾಯಮ್ಮ,” ಎಂದು ಹೋದಳು.

ಶನಿವಾರ ಮಧ್ಯಾಹ್ನ ವಿನಿಫ್ರೆಡ್ ಶಾಲೆಯಿಂದ ಬಂದು ತಿರುವಿನಲ್ಲೇ ನಿಂತುಬಿಟ್ಟಳು. ಬೇಲಿ ಇರಲಿಲ್ಲ. ಇತ್ತು, ಆದರೆ ಬರೀ ಕಡ್ಡಿ. ಉಳ್ಳಾಲದಿಂದ ಹೊಳೆ ದಾಟಿ ಬಂದ ಹೆಂಗಸರು ಈ ಕೊನೆಯಿಂದ ಆ ಕೊನೆಯವರೆಗೆ ಒಂದೆಲೆ ಬಿಡದೆ ಬುಟ್ಟಿ ತುಂಬಿಸಿಕೊಂಡು ಹೋಗಿದ್ದರು. ರಸ್ತೆಯಿಂದ ನೋಡಿದರೆ ಮನೆಯ ಜಗಲಿ, ಒಣಗಲು ಹಾಕಿದ ಬಟ್ಟೆ, ತೆಂಗಿನಕಾಯಿಯ ರಾಶಿ, ಎಲ್ಲ ಕಾಣುತ್ತಿತ್ತು. ಆ ಬೋಳು ಕಡ್ಡಿಗಳ ತುದಿಯಲ್ಲಿ, ಒಂದೆಲೆಯೂ ಅಲುಗದೆ, ಹಚ್ಚಹಸಿರಾಗಿ, ಹೊಟ್ಟೆ ಉಬ್ಬಿಸಿಕೊಂಡು ಹಕ್ಕಿ ನಿಂತಿತ್ತು. ಅಷ್ಟು ಸ್ಪಷ್ಟವಾದ ಬಾತುಕೋಳಿಯನ್ನು ಅವಳು ಕೆರೆಯಲ್ಲಿಯೂ ಕಂಡಿರಲಿಲ್ಲ.

ನಬೀಸಾ ಹೊಸ ಸೀರೆಯುಟ್ಟು ಉಳ್ಳಾಲಕ್ಕೆ ಹೊರಟು ನಿಂತಿದ್ದಳು. ಅವಳನ್ನು ಕಂಡು ಓಡಿಬಂದಳು.

“ಬಾಯಮ್ಮ, ನೀವು ದೊಡ್ಡ ಮನಸ್ಸು ಮಾಡಿ ಬಾಲದ ಸೊಪ್ಪೂ ಕೀಳು ಅಂದ್ರಿ. ಹಾಗಂತ ನಿಮ್ಮ ಮನೆಯ ಪೊರ್ಬುಗಳ ಹಕ್ಕಿಗೆ ಕೈ ಹಾಕ್ಲಿಕ್ಕೆ ನಮಗೆ ಮನಸ್ಸು ಬರ್ತದಾ? ಪ್ರಾಯದ ಮನುಷ್ಯ, ಮಗುವಿನ ಹಾಗೆ ಸಾಕಿದ್ದಾರೆ. ಹೆಂಗಸರಿಗೆ ನಾನು ಖಡಕ್ ಹೇಳಿದ್ದೆ, ಅದರ ಒಂದೆಲೆ ಮುಟ್ಟಿದ್ರೆ ಮದುವೆ ಮನೆಗೆ ಬರ್ಬೇಡಿ ಅಂತ.”

“ಒಳ್ಳೆದಾಯ್ತು ನಬೀಸಾ,” ಎಂದಳು ವಿನಿಫ್ರೆಡ್.

ಬೊನಿಫಾಸರು ಬಂದರು. ಸಾಣೆ ಹಿಡಿಸಿದ ಕತ್ತರಿಯನ್ನು ಕಂಕುಳಲ್ಲಿಟ್ಟುಕೊಂಡು ಬೇಲಿಯನ್ನು ಈ ತುದಿಯಿಂದ ಆ ತುದಿಗೆ ನೋಡಿದರು. ಅವಳು ಜಗಲಿಯ ಕಂಬ ಹಿಡಿದು ನಿಂತಿದ್ದಳು.

“ನಬೀಸಾಳ ತಂಗಿಯ ಮಗಳಿಗೆ ಮದರಂಗಿ ಬೇಕಿತ್ತಂತೆ. ನಾನೇ ಹೇಳಿದ್ದು, ಕೀಳು ಅಂತ.”

“ಹೂಂ,” ಎಂದರು. ಮತ್ತೊಮ್ಮೆ ನೋಡಿದರು. “ಪರವಾಗಿಲ್ಲ. ಈಗ ಹಕ್ಕಿ ದೂರದಿಂದಲೂ ಕಾಣ್ತದೆ.”

ಆದಿತ್ಯವಾರ ಇಗರ್ಜಿಯಿಂದ ಬಂದವಳೇ ವಿನಿಫ್ರೆಡ್ ಗೇಟಿನ ಕಡೆಗೆ ಕಿವಿ ನೆಟ್ಟಳು. ತಾನೇ ಮೊದಲು ಹೋಗಿ ‘ನಮ್ಮವರ ನವಿಲು’ ಎಂದುಬಿಟ್ಟರೆ ಚಕ್ರಪಾಣಿಯವರ ಬಾಯಿಗೂ ಅದೇ ಶಬ್ದ ಬಂದೀತು ಎಂಬ ಒಂದೇ ಆಸೆ ಉಳಿದಿತ್ತು. ಆದರೆ ಗೇಟು ಕಿರುಗುಟ್ಟಿದ ಹೊತ್ತಿಗೆ ಬೊನಿಫಾಸರು ಅವಳ ದಾರಿಗಡ್ಡ ನಿಂತರು.

“ನೀನು ಕಾಫಿ ನೋಡು ವಿನ್ನಿ. ಗೇಟಿಗೆ ನಾನು ಹೋಗ್ತೇನೆ.”

“ಒಂದು ನಿಮಿಷ, ನಾನು ಮಾತಾಡಿಸಿ ಬರ್ತೇನೆ...”

“ಕಾಫಿ,” ಎಂದರು ಬೊನಿಫಾಸರು.

ಅವಳು ಕಾಫಿಯ ತಟ್ಟೆ ಹಿಡಿದು ಜಗಲಿಗೆ ಬಂದಾಗ ಚಕ್ರಪಾಣಿಯವರು ಕೊಡೆಯನ್ನು ಊರುಗೋಲಾಗಿ ಊರಿಕೊಂಡು ಬೋಳು ಬೇಲಿಯನ್ನು ನೋಡುತ್ತಿದ್ದರು. ಜೊತೆಗೆ ಸ್ಪರ್ಧೆಯ ಕಮಿಟಿಯ ಮೂರು ನಾಲ್ಕು ಜನ. ಎದುರು ಮನೆಯ ತಾರಾನಾಥ ಆದಿತ್ಯವಾರದ ಬನಿಯನ್ನಿನಲ್ಲಿ ತನ್ನ ಕಂಪೌಂಡಿನ ಮುರಕಲ್ಲಿನ ಗೋಡೆಗೆ ಮೊಣಕೈಯೂರಿ, ಯಕ್ಷಗಾನಕ್ಕೆ ಮೊದಲೇ ಬಂದು ಜಾಗ ಹಿಡಿದವನಂತೆ ನಿಂತಿದ್ದ.

“ಬೊನಿಫಾಸರೇ, ಬೇಲಿ ವಿಭಾಗ ಅಂತ ಹೆಸರು ಕೊಟ್ಟಿದ್ದೀರಿ. ಬೇಲಿ ಎಲ್ಲಿ ಉಂಟು?” ಎಂದರು ಚಕ್ರಪಾಣಿಯವರು.

“ಮದುವೆಗೆ ಹೋಗಿದೆ ಸರ್. ಉಳ್ಳಾಲಕ್ಕೆ.”

ಚಕ್ರಪಾಣಿಯವರ ಹುಬ್ಬು ಮೇಲೇರಿತು. ಏನೋ ಹೇಳಹೊರಟವರು ಬಿಟ್ಟು, ಹಕ್ಕಿಯ ಕಡೆಗೆ ನಡೆದರು. ಒಂದು ಸುತ್ತು ಬಂದರು. ಕೊಡೆಯ ತುದಿಯಿಂದ ಬಾಲವನ್ನು ಮೆಲ್ಲಗೆ ತಟ್ಟಿದರು. ಹಿಂದೆ ಸರಿದು, ಕನ್ನಡಕ ತೆಗೆದು ಒರಸಿ, ಹಾಕಿಕೊಂಡು ಮತ್ತೆ ನೋಡಿದರು.

“ಇದು ಎಂತ ಹಕ್ಕಿ?” ಎಂದರು ಚಕ್ರಪಾಣಿಯವರು.

“ನಾನು ಹೇಳುವುದಿಲ್ಲ ಸರ್,” ಎಂದರು ಬೊನಿಫಾಸರು. “ಮನೆಯವಳನ್ನು ಕೇಳಿ. ಒಂದು ವರ್ಷದಿಂದ ಊರಿಗೆಲ್ಲ ಇದರ ಹೆಸರು ಹೇಳುವವಳು ಅವಳೇ. ಬಿ.ಎ. ಓದಿದವಳು.”

ಎಲ್ಲರ ಮುಖವೂ ಜಗಲಿಯ ಕಡೆಗೆ ತಿರುಗಿತು. ನವಿಲು ಎಂದರೆ ಇವರೆಲ್ಲ ನಗುತ್ತಾರೆ, ಮೊದಲು ತಾರಾನಾಥ. ಬಾತುಕೋಳಿ ಎಂದರೆ ಗಂಡನ ಒಂದು ವರ್ಷದ ಬೆವರನ್ನು ತಾನೇ ಹತ್ತು ಜನರ ನಡುವೆ ಚೆಲ್ಲಿದ ಹಾಗೆ. ಎರಡಕ್ಕೂ ನಡುವಿನ ಒಂದು ಶಬ್ದಕ್ಕಾಗಿ ತಾನು ಕಲಿತ ಕನ್ನಡವನ್ನೆಲ್ಲ ಜಾಲಾಡಿದಳು. ಸಿಗಲಿಲ್ಲ. ದಿಕ್ಕು ತೋಚದೆ ಬೊನಿಫಾಸರ ಮುಖ ನೋಡಿದಳು. ಅವರು ಅವಳನ್ನೇ ನೋಡುತ್ತಿದ್ದರು. ಮೀಸೆಯ ಒಂದು ತುದಿ ಅದುರುತ್ತಿತ್ತು. ಅಳು ತಡೆಯುವವರ ಮೀಸೆ ಹಾಗೆ ಅದುರುವುದಿಲ್ಲ ಎಂದು ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಗೊತ್ತಿತ್ತು.

“ನವಿಲು ಮಾಡ್ಲಿಕ್ಕೆ ಅಂತ ಹೊರಟದ್ದು ಸರ್,” ಎಂದಳು. “ಆದದ್ದು ಬಾತುಕೋಳಿ.”

ಮೊದಲು ನಕ್ಕವರು ಬೊನಿಫಾಸರು. ತಲೆಯ ಮೇಲೆ ಕೈಯಿಟ್ಟು, ಬಗ್ಗಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಹಕ್ಕಿಯ ಯಜಮಾನನೇ ಹೀಗೆ ನಕ್ಕ ಮೇಲೆ ಉಳಿದವರ ನಗೆಯಲ್ಲಿ ಮುಳ್ಳು ಉಳಿಯಲಿಲ್ಲ.

“ಸತ್ಯ ಹೇಳಿದ್ರಿ ಅಮ್ಮ,” ಎಂದರು ಚಕ್ರಪಾಣಿಯವರು, ಕಾಫಿಯ ಲೋಟ ಎತ್ತಿಕೊಳ್ಳುತ್ತ. “ನವಿಲು ಅಂತ ಹೇಳಿದ್ದರೆ ನಾನು ಬಿಡ್ತಿರ್ಲಿಲ್ಲ. ಬಾತುಕೋಳಿ ಆದರೆ ತಕರಾರಿಲ್ಲ, ಚೆನ್ನಾಗಿ ಬಂದಿದೆ. ಆ ಬಾಲ ಒಂದು ಜಾಸ್ತಿಯಾಯ್ತು.”

ಬಹುಮಾನವೇನೂ ಬರಲಿಲ್ಲ. ಇಲ್ಲದ ಬೇಲಿಗೆ ಬಹುಮಾನ ಕೊಡುವ ಕ್ರಮ ಕಮಿಟಿಯಲ್ಲಿ ಇರಲಿಲ್ಲ.

ಅವರೆಲ್ಲ ಮುಂದಿನ ಮನೆಗೆ ಹೋದ ಮೇಲೆ ವಿನಿಫ್ರೆಡ್ ಜಗಲಿಯ ಮೆಟ್ಟಿಲ ಮೇಲೆ ಕುಳಿತಳು.

“ನಿಮಗೆ ಯಾವಾಗ ಗೊತ್ತಾದದ್ದು?”

“ಮಳೆಗಾಲದಲ್ಲಿ ಪಾದ್ರಿಗಳು ಬಂದ ದಿನ. ಗೇಟಿನ ಹೊರಗೆ ಛತ್ರಿ ಮಡಚ್ತಾ, ಬೆನ್ನು ಈ ಕಡೆ ಹಾಕಿ, ‘ಆಹಾ, ಎಂಥ ನವಿಲು ಬೊನಿಫಾಸ್!’ ಅಂದ್ರು. ಇನ್ನೂ ನೋಡಿರ್ಲೇ ಇಲ್ಲ ಮಾರಾಯ್ತಿ. ತಿರುಗಿ ನೋಡಿದ ಮೇಲೆ ಅವರಿಗೆ ಮಾತೇ ಬರ್ಲಿಲ್ಲ. ಆಗ ನಾನೂ ಸರಿಯಾಗಿ ನೋಡಿದೆ.”

“ಮತ್ತೆ ನನಗೆ ಯಾಕೆ ಹೇಳ್ಲಿಲ್ಲ?”

“ನೀನು ಹೇಳ್ತಿಯೋ ಅಂತ ಕಾದೆ. ಗೇಟಿನ ಸದ್ದಾದ ಕೂಡ್ಲೇ ಮೀನು ಹುರಿಯುವುದನ್ನು ಬಿಟ್ಟು ಓಡುವುದು, ಮೀನು ಕರಟುವುದು. ಒಳ್ಳೆ ತಮಾಷೆ ಉಂಟು ಅಂತ ಎಣಿಸಿದೆ.”

ಮಳೆಗಾಲದಿಂದ ಈಚೆಗೆ ಕರಟಿದ ಮೀನನ್ನು ಅವರು ಒಂದು ಮಾತಿಲ್ಲದೆ ತಿನ್ನುತ್ತಿದ್ದ ಕಾರಣ ಈಗ ಅವಳಿಗೆ ಹೊಳೆಯಿತು. ಸಿಟ್ಟು ಬರಬೇಕಿತ್ತು. ಬದಲಿಗೆ ತನ್ನ ಕಡೆಯ ಗಂಟನ್ನೂ ಬಿಚ್ಚಿಬಿಡಬೇಕೆನಿಸಿತು.

“ನಬೀಸಾಗೆ ನಾನು ಬೇಲಿಯಿಂದ ಮಾತ್ರ ಕೀಳ್ಲಿಕ್ಕೆ ಹೇಳಿದ್ದಲ್ಲ. ಹಕ್ಕಿಯನ್ನು ಬೋಳಿಸ್ಲಿ ಅಂತಲೇ ಹೇಳಿದ್ದು.”

ಬೊನಿಫಾಸರ ನಗೆ ಅರ್ಧಕ್ಕೆ ನಿಂತಿತು. ಇದು ಅವರಿಗೆ ಗೊತ್ತಿರಲಿಲ್ಲ. ಹಕ್ಕಿಯನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿದರು.

“ಬಾಯಿಬಿಟ್ಟು ಹೇಳಿದ್ಯಾ? ಅಲ್ಲ, ನೀನು ಹೇಳುವ ಹಾಗೆ ಹೇಳಿದ್ಯಾ?”

“ನಾನು ಹೇಳುವ ಹಾಗೆ.”

“ಮತ್ತೆ ಆ ಪಾಪದವಳಿಗೆ ಹೇಗೆ ಗೊತ್ತಾಗ್ಬೇಕು?” ಎಂದು ಎದ್ದರು. ಕತ್ತರಿ ತಂದು ಅವಳ ಮಡಿಲಲ್ಲಿಟ್ಟರು. “ಬಾ. ಪ್ರೊಫೆಸರ್ ಹೇಳಿದ್ದು ಕೇಳಿದ್ಯಲ್ಲ. ಆ ಬಾಲ ನೀನೇ ತೆಗಿ.”

“ಆದಿತ್ಯವಾರ ಕತ್ತರಿ ಹಿಡಿಯುವುದಾ?”

“ಪಾದ್ರಿಗಳಿಗೆ ನಾನು ಹೇಳ್ತೇನೆ. ಅವರಿಗೂ ನೆಮ್ಮದಿ ಆದೀತು.”

“ನನಗೆ ಬರುವುದಿಲ್ಲ.”

“ನನಗೂ ಬರುವುದಿಲ್ಲ. ಊರಿಗೆಲ್ಲ ಕಾಣ್ತಾ ಉಂಟಲ್ಲ.”

ಕತ್ತರಿ ಅವಳೆಣಿಸಿದ್ದಕ್ಕಿಂತ ಭಾರವಾಗಿತ್ತು. ಬಾಲದ ತುದಿಯಿಂದ ಒಂದೆರಡು ಎಲೆ ತೆಗೆದು ನಿಂತಳು.

“ಅದೆಂತ, ಉಗುರು ತೆಗೆಯುವುದಾ? ಬುಡದಿಂದ ಹಾಕು.”

ಅವಳು ಕಣ್ಣು ಮುಚ್ಚಿ ಹಾಕಿದಳು. ಒಂದು ಇಡೀ ಗೆಲ್ಲು ತಂತಿಯ ಸಮೇತ ಕಾಲಬುಡಕ್ಕೆ ಬಿತ್ತು. ಕಣ್ಣು ತೆರೆದು ನೋಡಿದರೆ ಏನೂ ಅನಾಹುತವಾಗಿರಲಿಲ್ಲ. ಹಕ್ಕಿ ಎಷ್ಟೋ ಹಗುರವಾದಂತಿತ್ತು. ಎರಡನೆಯ ಗೆಲ್ಲಿಗೆ ಅವಳು ಕಣ್ಣು ಮುಚ್ಚಲಿಲ್ಲ.

“ಟೀಚರೇ, ನವಿಲಿನ ಬಾಲ ಎಲ್ಲಿ ಹೋಗ್ತಾ ಉಂಟು?” ರಸ್ತೆಯ ಆಚೆಯಿಂದ ತಾರಾನಾಥನ ದನಿ.

“ಬಾತುಕೋಳಿಗೆ ಅಷ್ಟುದ್ದದ ಬಾಲ ಎಂತಕ್ಕೆ ಮಾರಾಯ್ರೇ?” ತಿರುಗಿಯೂ ನೋಡದೆ ಅಂದಳು ವಿನಿಫ್ರೆಡ್. “ಅಲ್ಲಿ ನಿಂತು ಕೇಳುವ ಬದಲು ಒಂದು ಅಂಗಿ ಹಾಕ್ಕೊಂಡು ಬಂದು ಸ್ಟೂಲು ಹಿಡೀರಿ. ಇನ್ನು ಕುತ್ತಿಗೆ ಉಂಟು.”

“ಕುತ್ತಿಗೆಯಾ?” ಬೊನಿಫಾಸರು ಗಾಬರಿಯಿಂದ ಮುಂದೆ ಬಂದರು. “ಕುತ್ತಿಗೆಗೆ ಎಂತ ಆಗಿದೆ?”

“ತೋರ ಆಗಿದೆ,” ಎಂದಳು ವಿನಿಫ್ರೆಡ್, ಕತ್ತರಿಯ ಬಾಯಿ ಅಗಲಿಸುತ್ತ.